ಬಿ100ಕೆ ಪಾಟ್‌ನಲ್ಲಿ ಕಾಲು ತಿರುವಿಗೇ ಸದ್ದೆಲ್ಲ ಬಂದುಬಿಡುತ್ತೆ, ಲಾಗ್ ಪಾಟೇ ಬೇಕಾ?

ಬೆಸುಗೆಕಡ್ಡಿ:
ಟಿಡಿಎ2030 ಆಂಪ್ಲಿಫೈಯರ್ ಚಿಪ್‌ನ ಸ್ಟೀರಿಯೊ ಕಿಟ್, 12 ವೋಲ್ಟ್ ಸಿಂಗಲ್ ಸಪ್ಲೈ. ಬ್ಲೂಟೂತ್ ಮಾಡ್ಯೂಲ್‌ನಿಂದ ವಾಲ್ಯೂಮ್ ಪಾಟ್‌ಗೆ (ತಿರುಗಿಸಿದರೆ ರೆಸಿಸ್ಟೆನ್ಸ್ ಬದಲಾಗುವ ಪೊಟೆನ್ಶಿಯೊಮೀಟರ್), ಅಲ್ಲಿಂದ ನೇರ ಬೋರ್ಡಿನ ಇನ್‌ಪುಟ್‌ಗೆ. ಪಾಟ್ ಡ್ಯುಯಲ್ ಗ್ಯಾಂಗ್ (ಒಂದೇ ಶಾಫ್ಟ್‌ಗೆ ಎರಡು ಪಾಟ್, ಎಡ-ಬಲ ಚಾನೆಲ್‌ಗೆ ಒಂದೊಂದು), ಮೇಲೆ ಬಿ100ಕೆ ಅಂತಿದೆ, ಅಂದರೆ 100 ಕಿಲೊಓಮ್, ಲೀನಿಯರ್: ತಿರುಗಿಸಿದಷ್ಟೇ ಸಮನಾಗಿ ರೆಸಿಸ್ಟೆನ್ಸ್ ಬದಲಾಗುವಂಥದ್ದು. ನಾಬ್ ಏಳು ಗಂಟೆಯ ಜಾಗದಿಂದ ಒಂಬತ್ತೂವರೆಗೆ ಬರುವಷ್ಟರಲ್ಲಿ ಕೋಣೆ ತುಂಬ ಸದ್ದು. ಅಲ್ಲಿಂದಾಚೆ ಐದು ಗಂಟೆಯವರೆಗೆ ತಿರುಗಿಸಿದರೂ ಅಂಥಾ ಏರಿಕೆ ಇಲ್ಲ. ಮೊದಲು ನಿಧಾನ, ಕೊನೆಗೆ ಜೋರಾಗಿ ಏರುವ ಲಾಗ್ ಪಾಟ್, ಅಂದರೆ ಎ100ಕೆ ಡ್ಯುಯಲ್, ಸಿಗುತ್ತಿಲ್ಲ. ಇದೇ ಪಾಟ್ ಇಟ್ಟುಕೊಂಡು ಸರಿಮಾಡಬಹುದಾ? ಮುಂದೆ ಬಾಸ್-ಟ್ರೆಬಲ್ ಬೋರ್ಡ್ ಸೇರಿಸಬೇಕು, ಅದಕ್ಕೂ ಲಾಗೇ ಬೇಕಾ?

ಓಮ್‌ಮೀಟರ್:
ಮಾಡಬಹುದು, ಎರಡು ರೆಸಿಸ್ಟರ್ ಸಾಕು. ಮೊದಲು ಹೀಗೇಕಾಗುತ್ತೆ ಅಂತ ನೋಡಿ. ಕಿವಿಗೆ ಸದ್ದು ದುಪ್ಪಟ್ಟಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಸಿಂಗಲ್ ಸಪ್ಲೈ ಕಿಟ್‌ನ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ 100ಕೆ ರೆಸಿಸ್ಟೆನ್ಸ್ ಇರುತ್ತೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ನಿಮ್ಮ ಲೀನಿಯರ್ ಪಾಟ್ ಕಾಲು ತಿರುವಿನಲ್ಲೇ −13.5 ಡೆಸಿಬೆಲ್‌ಗೆ, ಅಂದರೆ ಫುಲ್ ವಾಲ್ಯೂಮ್‌ಗಿಂತ 13.5 ಮಾತ್ರ ಕಡಿಮೆಗೆ, ಬಂದಿರುತ್ತೆ. ಉಳಿದ ಮುಕ್ಕಾಲು ತಿರುವಿಗೆ ಸಿಗುವುದು ಬರೀ 13.5. ನಿಮ್ಮ ಕಿವಿ ಹೇಳುತ್ತಿರುವುದೂ ಅದನ್ನೇ.

ಪ್ರತಿ ಗ್ಯಾಂಗ್‌ನಲ್ಲೂ ವೈಪರ್‌ನಿಂದ, ಅಂದರೆ ನಡುವಿನ ಪಿನ್‌ನಿಂದ, ಗ್ರೌಂಡ್ ಪಿನ್‌ಗೆ ಒಂದು 12ಕೆ ಬೆಸೆಯಿರಿ. ಕಾಲು ವ್ಯಾಟ್, 1% ಮೆಟಲ್ ಫಿಲ್ಮ್. ನಡು ತಿರುವಿನಲ್ಲಿ ಕೆಳಗಿನ 50ಕೆ, ಈ 12ಕೆ, ಬೋರ್ಡಿನ 100ಕೆ ಮೂರೂ ಪ್ಯಾರಲಲ್ ಆಗಿ 8.8ಕೆ ಆಗುತ್ತೆ. ಮೇಲೆ 50ಕೆ ಇದೆ. ಅನುಪಾತ 0.15, ಅಂದರೆ −16.5 ಡೆಸಿಬೆಲ್. ಅಂಗಡಿಯ ಲಾಗ್ ಪಾಟ್‌ಗಳೂ ನಡುವಿನಲ್ಲಿ 10ರಿಂದ 20% ಕೊಡುವಂಥವೇ. ಕಾಲು ತಿರುವಿನಲ್ಲಿ −21 ಸಿಗುತ್ತೆ, ಮೊದಲಿಗಿಂತ 7 ಡೆಸಿಬೆಲ್ ಕಡಿಮೆ.

ಇದರ ಕೊರತೆ ಎರಡು ತುದಿಯಲ್ಲಿದೆ. ಮೊದಲ ಹತ್ತನೇ ಒಂದು ಭಾಗಕ್ಕೇ −25ಕ್ಕೆ ಏರಿರುತ್ತೆ, ಕೊನೆಯ ಕಾಲು ಭಾಗದಲ್ಲಿ 11 ಡೆಸಿಬೆಲ್ ಒಟ್ಟಿಗೆ ಬರುತ್ತೆ. ಆದರೂ ವಾಲ್ಯೂಮ್‌ಗೆ ಧಾರಾಳವಾಗಿ ಸಾಕು.

ಟೋನ್ ಬೋರ್ಡ್‌ಗೆ ಲಾಗ್ ಬೇಡ. ಬಾಸ್-ಟ್ರೆಬಲ್ ಏರಿಸಿ ಇಳಿಸುವ ಬ್ಯಾಕ್ಸಂಡಾಲ್ ಸರ್ಕ್ಯೂಟ್ ಆದರೆ ಬಾಸ್, ಟ್ರೆಬಲ್ ಎರಡಕ್ಕೂ ಬಿ. ನಾಬ್ ನಡುವೆ ನಿಂತಾಗ ಫ್ಲಾಟ್ (ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ) ಬರಬೇಕಲ್ಲ, ಲಾಗ್ ಹಾಕಿದರೆ ಆ ಫ್ಲಾಟ್ ಜಾಗವೇ ಒಂದು ಪಕ್ಕಕ್ಕೆ ಸರಿದುಬಿಡುತ್ತೆ.

ವೈಪರ್:
ಮೇಲಿನದು ಸರಿ, ಆದರೆ 12ಕೆ ಎಲ್ಲ ಕಡೆ ನಡೆಯಲ್ಲ. ಫುಲ್ ವಾಲ್ಯೂಮ್‌ನಲ್ಲಿ ಹಿಂದಿನ ಸರ್ಕ್ಯೂಟ್‌ಗೆ ಕಾಣುವುದು 100ಕೆ ಅಲ್ಲ, 9.7ಕೆ. ಬ್ಲೂಟೂತ್ ಮಾಡ್ಯೂಲ್, ಫೋನು, ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಇದನ್ನು ಸಲೀಸಾಗಿ ಎಳೆಯುತ್ತವೆ. ವಾಲ್ವ್ ಪ್ರೀಆಂಪ್ ಅಥವಾ ಗಿಟಾರ್ ಪಿಕಪ್ ಆದರೆ ಸದ್ದೇ ಕುಗ್ಗುತ್ತೆ, ಪಿಕಪ್‌ನಲ್ಲಿ ಟ್ರೆಬಲ್ ಕೂಡ ಸಾಯುತ್ತೆ. ಅಲ್ಲಿ ನಿಜವಾದ ಎ ಪಾಟೇ ಬೇಕು. ಪಾಟ್‌ಗೆ ಮೊದಲು ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸದ್ದಿನ ಸಿಗ್ನಲ್ ಮಾತ್ರ ಬಿಡುವಂಥದ್ದು) ಇದ್ದರೆ ಅದರ ಬೆಲೆಯನ್ನೂ ನೋಡಿ: 0.1 ಮೈಕ್ರೊಫ್ಯಾರಡ್ ಇದ್ದಲ್ಲಿ 9.7ಕೆ ಜೊತೆ 160 ಹರ್ಟ್ಜ್‌ನಿಂದಲೇ ಬಾಸ್ ಇಳಿಯುತ್ತೆ. 2.2 ಹಾಕಿದರೆ 7.5 ಹರ್ಟ್ಜ್.

ಪಾಟ್ ಮೇಲಿನ ಅಕ್ಷರವನ್ನೂ ಕಣ್ಣುಮುಚ್ಚಿ ನಂಬಬೇಡಿ. ಈಗ ಸಿಗುವ ಬಹುತೇಕ ಪಾಟ್‌ಗಳಲ್ಲಿ ಎ ಅಂದರೆ ಲಾಗ್, ಬಿ ಲೀನಿಯರ್, ಸಿ ರಿವರ್ಸ್ ಲಾಗ್. ಹಳೆಯ ಯುರೋಪಿನ ಮಾಲಿನಲ್ಲಿ ಎ ಅಂದರೇ ಲೀನಿಯರ್. ಪಾಟ್ ಬಿಚ್ಚಿಟ್ಟು ಶಾಫ್ಟ್ ನಿಮ್ಮ ಕಡೆ, ಪಿನ್‌ಗಳು ಕೆಳಕ್ಕೆ ಬರುವಂತೆ ಹಿಡಿಯಿರಿ. ನಾಬ್ ಸರಿಯಾಗಿ ನಡುವಿಗೆ ತಂದು ಎಡ ಪಿನ್ ಮತ್ತು ನಡು ಪಿನ್ ನಡುವೆ ಅಳೆಯಿರಿ. 100ಕೆಯಲ್ಲಿ 50ರ ಆಸುಪಾಸು ಬಂದರೆ ಲೀನಿಯರ್, 10ರಿಂದ 20 ಬಂದರೆ ಲಾಗ್, 80ರಿಂದ 90 ಬಂದರೆ ರಿವರ್ಸ್ ಲಾಗ್. ವೈರಿಂಗ್‌ನಲ್ಲಿ ಎಡ ಪಿನ್ ಗ್ರೌಂಡ್, ಬಲ ಪಿನ್ ಇನ್‌ಪುಟ್, ನಡುವಿನದು ಔಟ್‌ಪುಟ್. ಲೀನಿಯರ್‌ನಲ್ಲಿ ಎಡ-ಬಲ ಅದಲುಬದಲಾದರೆ ನಾಬ್ ಉಲ್ಟಾ ತಿರುಗುತ್ತೆ ಅಷ್ಟೆ. ಲಾಗ್‌ನಲ್ಲಿ ಹಾಗಾದರೆ ಉಲ್ಟಾ ತಿರುಗುವುದರ ಜೊತೆಗೆ ಸದ್ದೆಲ್ಲ ಒಂದೇ ತುದಿಗೆ ಗುಡ್ಡೆ ಬೀಳುತ್ತೆ.

ಬೆಸುಗೆಕಡ್ಡಿ:
12ಕೆ ಹಾಕಿದೆ, ತಿರುವು ಈಗ ಚೆನ್ನಾಗಿ ಹರಡಿದೆ. ಆದರೆ ತೀರಾ ಕೆಳಗಿಟ್ಟಾಗ ಎಡ ಸ್ಪೀಕರ್ ಸ್ವಲ್ಪ ಜೋರು. ಇನ್ನೊಂದು: ಮೈಕ್ ಪ್ರೀಆಂಪ್‌ನ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಬೇಕು ಅನ್ನುವ) ಪಾಟ್‌ಗೂ ಬಿ ನಡೆಯುತ್ತಾ?

ಓಮ್‌ಮೀಟರ್:
ಅದು ಎರಡು ಗ್ಯಾಂಗ್‌ಗಳ ಹೊಂದಾಣಿಕೆಯ ತೊಂದರೆ. ಒಂದರಲ್ಲಿ ವೈಪರ್‌ನಿಂದ ಗ್ರೌಂಡ್‌ಗೆ 5ಕೆ, ಇನ್ನೊಂದರಲ್ಲಿ 4ಕೆ ಇದ್ದರೂ ಒಂದೂವರೆ ಡೆಸಿಬೆಲ್‌ನಷ್ಟು ವ್ಯತ್ಯಾಸ ಬರುತ್ತೆ. ಕೆಳತುದಿಯಲ್ಲಿ 12ಕೆ ಇದನ್ನು ಮುಚ್ಚಲಾರದು. ಅಗ್ಗದ ಲಾಗ್ ಪಾಟ್‌ನಲ್ಲಂತೂ ಇದು ಇನ್ನೂ ಹೆಚ್ಚು, ಏಕೆಂದರೆ ಬೇರೆ ಬೇರೆ ರೆಸಿಸ್ಟೆನ್ಸಿನ ಎರಡು-ಮೂರು ಇಂಗಾಲದ ಪಟ್ಟಿ ಜೋಡಿಸಿ ಆ ವಕ್ರರೇಖೆ ಮಾಡಿರುತ್ತಾರೆ. ಬ್ಲೂಟೂತ್ ಕಡೆ ಸದ್ದು ಇಳಿಸಿ ನಾಬ್ ಸ್ವಲ್ಪ ಮೇಲಿಟ್ಟು ಕೇಳಿ.

ಮೈಕ್ ಗೇನ್‌ಗೆ ಬಿ ಬೇಡ. ನಾನ್‌ಇನ್ವರ್ಟಿಂಗ್ ಆಪ್‌ಆಂಪ್‌ನಲ್ಲಿ ಫೀಡ್‌ಬ್ಯಾಕ್ 470ಕೆ, ಗ್ರೌಂಡ್ ಕಡೆ 1ಕೆ ಜೊತೆ 100ಕೆ ಪಾಟ್ ಅಂದುಕೊಳ್ಳಿ. ಬಿ ಪಾಟ್ ಆದರೆ ಅರ್ಧ ತಿರುವಿಗೆ ಗೇನ್ 10, ಹತ್ತರಲ್ಲಿ ಒಂಬತ್ತು ಪಾಲು ತಿರುಗಿದಾಗ 44, ಕೊನೆಯ ಒಂದು ಪಾಲಿನಲ್ಲಿ 471ಕ್ಕೆ ಹಾರುತ್ತೆ. ಸಿ100ಕೆ ಹಾಕಿದರೆ ಅರ್ಧಕ್ಕೇ ಸುಮಾರು 30. ಸಿ ಸಿಗದಿದ್ದರೆ ಎ ಹಾಕಿ, ಎಡಕ್ಕೆ ತಿರುಗಿಸಿದರೆ ಗೇನ್ ಏರುವಂತೆ ವೈರ್ ಮಾಡಿ. ಬಳಸದ ಪಿನ್ ಅನ್ನು ವೈಪರ್‌ಗೇ ಸೇರಿಸಿ. ವೈಪರ್ ಎಲ್ಲಾದರೂ ಟ್ರ್ಯಾಕ್ ಬಿಟ್ಟು ಎದ್ದರೆ ಆಗ ಸರ್ಕ್ಯೂಟ್ ಓಪನ್ ಆಗಲ್ಲ, ಪಾಟ್‌ನ ಪೂರ್ತಿ 100ಕೆ ಸಾಲಿನಲ್ಲಿ ಉಳಿಯುತ್ತೆ.