ಹಳೆ ಫೈಬರ್ ಬೋಟಿನ ಡೆಕ್ ಸೋರುತ್ತದೆ, ಸಿಲಿಕೋನ್ ನಿಲ್ಲುತ್ತಿಲ್ಲ

ಮಲ್ಪೆ ಬೋಟ್:
ಡೆಕ್‌ನ ಎರಡು ಫೈಬರ್ ಪದರದ ನಡುವೆ 12 ಎಂಎಂ ಪ್ಲೈವುಡ್ ಉಂಟು. ಮುಂದಿನ ಬೊಲ್ಲಾರ್ಡಿನ (ಹಗ್ಗ ಕಟ್ಟುವ ಗೂಟ) ಬುಡಕ್ಕೆ ಸಿಲಿಕೋನ್ ಹಚ್ಚಿಯಾಯಿತು. ಆದರೂ ಕೆಳಗೆ ಮಲಗುವಲ್ಲಿ ನೀರು ತೊಟ್ಟಿಕ್ಕುತ್ತದೆ, ಅದೂ ಬೊಲ್ಲಾರ್ಡಿನಿಂದ ಎರಡಡಿ ಹಿಂದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆಯೊಳಗೆ ಮುಗಿಸಬೇಕು. ಇಡೀ ಡೆಕ್ಕಿಗೆ ಮೇಲಿಂದ ಒಂದು ಮ್ಯಾಟ್ (ರೆಸಿನ್ ಹಚ್ಚಿ ಕೂರಿಸುವ ಗಾಜಿನ ನಾರಿನ ಹಾಸು) ಹೊಡೆಸಿದರೆ ಸಾಕಾ?

ಗಂಗೊಳ್ಳಿ ಫೈಬರ್:
ಬೇಡ ಮಾರಾಯ್ರೆ. ಒಳಗಿನ ನೀರು ಅಲ್ಲೇ ಉಳಿದು ಪ್ಲೈವುಡ್ ಇನ್ನೂ ಕೊಳೆಯುತ್ತದೆ. ಬೋಲ್ಟಿನ ತೂತಿನಲ್ಲಿ ಇಳಿದ ನೀರು ಪ್ಲೈವುಡ್ಡಿನೊಳಗೇ ಹರಿದು, ಕೆಳಪದರದಲ್ಲಿ ಸಂದು ಸಿಕ್ಕಿದಲ್ಲಿ ಬೀಳುತ್ತದೆ. ಹಾಗಾಗಿ ಸೋರುವ ಜಾಗ ನೋಡಿ ತೂತು ಹುಡುಕಬೇಡಿ. ಕಿಟಕಿ, ಹ್ಯಾಚ್ ಎಲ್ಲ ಟೇಪ್ ಹಾಕಿ ಮುಚ್ಚಿ ಒಳಗೆ ಬ್ಲೋವರ್ ಬಿಡಿ, ಡೆಕ್ ಮೇಲೆ ಸಾಬೂನು ನೀರು ಸವರಿ. ಗುಳ್ಳೆ ಎದ್ದಲ್ಲೇ ತೂತು. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ: ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ದಬ್.

ಬೋಲ್ಟ್ 10 ಎಂಎಂ ಆದರೆ ಮೇಲ್ಪದರ, ಪ್ಲೈವುಡ್ ಎರಡನ್ನೂ 18 ಎಂಎಂ ಕೊರೆಯಿರಿ, ಕೆಳಪದರ ಬಿಡಿ. ಮರ ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಕೆಳಗಿಂದ ಟೇಪ್ ಹಚ್ಚಿ, ಮೊದಲು ತೆಳು ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ಕುಡಿಸಿ, ನಂತರ ಸಿಲಿಕಾ ಪುಡಿ ಕಲಸಿದ್ದನ್ನು ತುಂಬಿ. ಮರುದಿನ ನಡುವೆ 10 ಎಂಎಂ ತೂತು. ಈಗ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ತೂತಿನ ಬಾಯನ್ನು ಕೌಂಟರ್‌ಸಿಂಕ್ ಬಿಟ್ಟಿನಲ್ಲಿ ಸ್ವಲ್ಪ ಅಗಲ ಮಾಡಿ, ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ರಬ್ಬರ್ ಅಂಟುಪಟ್ಟಿ) ಅಲ್ಲಿ ಕೂರುತ್ತದೆ. ಬೋಲ್ಟಿನ ತಲೆ ತಿರುಗಬಾರದು, ತಿರುಗಿದರೆ ಟೇಪ್ ಹರಿಯುತ್ತದೆ. ಕೆಳಗಿನ ನಟ್ಟನ್ನೇ ಬಿಗಿ ಮಾಡಿ, ಮರುದಿನ ಇನ್ನೊಮ್ಮೆ. ಬೋಲ್ಟ್ ಉಪ್ಪುನೀರಿಗೆ ತಡೆಯುವ 316 ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಬೆಂಗ್ರೆ:
ದಬ್ ಅಂದ ಜಾಗ ಅಂಗೈಗಿಂತ ದೊಡ್ಡದಿದ್ದರೆ ತೂತು ತುಂಬಿ ಪ್ರಯೋಜನವಿಲ್ಲ. ನಮ್ಮ ಆಟಿಯ (ತುಳು ಮಳೆಗಾಲದ ತಿಂಗಳು) ಮಳೆಯಲ್ಲಿ ಒದ್ದೆ ಪ್ಲೈವುಡ್ ಒಣಗುವುದೂ ಇಲ್ಲ. ತಾಡಪಾಲು ಕಟ್ಟಿ, ಮೇಲ್ಪದರ ಕೊಯ್ದು, ಕೊಳೆತದ್ದು ತೆಗೆದು ಐಎಸ್ 710 ಮರೈನ್ ಪ್ಲೈ ಕೂರಿಸಿ. ಅಂಚನ್ನು ಪದರದ ದಪ್ಪದ 12 ಪಟ್ಟು ಇಳಿಜಾರಾಗಿ ಉಜ್ಜಿ, 3 ಎಂಎಂಗೆ 36 ಎಂಎಂ. 450 ಗ್ರಾಮಿನ ಮ್ಯಾಟ್ ಮೂರು ಪದರ ಬೇಕು. ಪಾಲಿಯೆಸ್ಟರ್ ರೆಸಿನ್ ಆದರೆ ಕಿಲೋಗೆ 10ರಿಂದ 20 ಎಂಎಲ್ ಹಾರ್ಡನರ್. ಕೋಬಾಲ್ಟನ್ನು (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಹಾರ್ಡನರ್‌ಗೆ ನೇರ ಸುರಿಯಲೇಬೇಡಿ, ಸ್ಫೋಟವಾದೀತು. ಮೊದಲು ಕೋಬಾಲ್ಟ್ ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್.

ಮಲ್ಪೆ ಬೋಟ್:
ಹಳೆ ಸಿಲಿಕೋನ್ ಅಸಿಟೋನಿನಲ್ಲಿ ಹೋಗುತ್ತದಾ?

ಗಂಗೊಳ್ಳಿ ಫೈಬರ್:
ಇಲ್ಲ, ಇನ್ನಷ್ಟು ಹರಡುತ್ತದೆ. ಮೊದಲು ಬ್ಲೇಡಿನಲ್ಲಿ ಕೆರೆದು, ಸಿಲಿಕೋನ್ ರಿಮೂವರ್ ಹಾಕಿ ಒರೆಸಿ. ಉಜ್ಜುವ ಕೆಲಸ ಕೊನೆಗೆ. ಚೂರು ಉಳಿದರೂ ಎಪಾಕ್ಸಿಯೂ ಹಿಡಿಯುವುದಿಲ್ಲ, ಬ್ಯುಟೈಲೂ ಹಿಡಿಯುವುದಿಲ್ಲ.