ಮಿಕ್ಸ್ಚರ್, ಬ್ಲೆಂಡ್, ಕಾಂಪೌಂಡ್, ಅಮಾಲ್ಗಮ್: ಎಲ್ಲಿ ಯಾವುದು?

ಉಡುಪಿ_ಅಮ್ಮ:
ಮಗಳು ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಓದಿದ್ದು ಕನ್ನಡದಲ್ಲಿ. ಮಿಕ್ಸ್ಚರ್, ಬ್ಲೆಂಡ್, ಕಾಂಪೌಂಡ್, ಅಮಾಲ್ಗಮ್ ಎಲ್ಲವೂ ನನಗೆ ಮಿಶ್ರಣವೇ. ಅದಲು ಬದಲು ಬರೆದರೆ ಮಾರ್ಕ್ಸ್ ಹೋಗುತ್ತದಾ? ಕಾಫಿ ಹುಡಿಯ ಪ್ಯಾಕೆಟ್ ಮೇಲೆ ಒಂದು ಕಡೆ ಬ್ಲೆಂಡ್, ಇನ್ನೊಂದು ಕಡೆ ಮಿಕ್ಸ್ಚರ್ ಅಂತ ಉಂಟು, ಅದು ಯಾಕೆ ಅಂತ ಅವಳ ಪ್ರಶ್ನೆ.

ಸೈನ್ಸ್_ಟೀಚರ್:
ಕಾಂಪೌಂಡ್ ತಪ್ಪಿದರೆ ಖಂಡಿತ ಹೋಗುತ್ತದೆ ಅಕ್ಕ. ಅದು ಮಿಶ್ರಣವೇ ಅಲ್ಲ, ಸಂಯುಕ್ತ. ನೀರು ಎಲ್ಲಿಯದಾದರೂ ಅದರಲ್ಲಿ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್. ಆ ಲೆಕ್ಕ ಬದಲಾಗುವುದಿಲ್ಲ, ಸೋಸಿದರೂ ಕುದಿಸಿದರೂ ಅವೆರಡು ಬೇರೆಯಾಗುವುದಿಲ್ಲ. ಮಿಕ್ಸ್ಚರ್‌ಗೆ ಅಂಥ ಲೆಕ್ಕ ಇಲ್ಲ, ಒಳಗಿರುವುದು ತನ್ನ ಗುಣ ಬಿಡುವುದೂ ಇಲ್ಲ. ಬೇಕರಿ ಮಿಕ್ಸ್ಚರ್‌ನಿಂದ ನೆಲಗಡಲೆ ಹೆಕ್ಕಿ ತಿನ್ನುವುದಿಲ್ವಾ, ಹಾಗೆ. ಆದರೆ ಕಣ್ಣಿಗೆ ಒಂದೇ ಥರ ಕಂಡರೂ ಉಪ್ಪುನೀರು ಮಿಕ್ಸ್ಚರೇ, ಗಾಳಿಯೂ ಅಷ್ಟೇ. ಅಲಾಯ್ ಅಂದರೆ ಮಿಶ್ರಲೋಹ: ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಮಿಶ್ರಲೋಹದಲ್ಲಿ ಪಾದರಸ ಇದ್ದರೆ ಮಾತ್ರ ಅಮಾಲ್ಗಮ್. ಹಲ್ಲಿಗೆ ತುಂಬುತ್ತಿದ್ದ ಬೆಳ್ಳಿ ಬಣ್ಣದ ಫಿಲ್ಲಿಂಗ್ ಅದೇ, ಸುಮಾರು ಅರ್ಧ ಪಾದರಸ.

ಕಾಫಿ_ಹುಡಿ:
ಕಾಫಿಯದ್ದು ನಾನು ಹೇಳುತ್ತೇನೆ, ದಿನಾ ಅದೇ ಕೆಲಸ. ಬ್ಲೆಂಡ್ ಅಂದರೆ ಸುಮ್ನೆ ಕಲಸುವುದಲ್ಲ, ಇಂಥದ್ದೇ ರುಚಿ ಬರಬೇಕು ಅಂತ ಅಳೆದು, ಡಿಕಾಕ್ಷನ್ ಇಳಿಸಿ, ಕುಡಿದು ನೋಡಿ ಮತ್ತೆ ಅಳೆದು ಬೆರೆಸುವುದು. ಕಾಫಿಯಲ್ಲಿ ಎರಡು ಜಾತಿ: ಪರಿಮಳಕ್ಕೆ ಅರೇಬಿಕಾ, ಗಟ್ಟಿತನಕ್ಕೆ ರೋಬಸ್ಟಾ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಹಾಗಾಗಿ ಅದನ್ನು ಬೆರೆಸಿದ ಹುಡಿ ಕಾನೂನಿನಲ್ಲಿ "ಕಾಫಿ-ಚಿಕೋರಿ ಮಿಕ್ಸ್ಚರ್", ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು. ಬ್ಲೆಂಡ್ ಅನ್ನುವುದು ಬೆರೆಸುವ ಕೆಲಸದ ಮಾತು, ಮಿಕ್ಸ್ಚರ್ ಅನ್ನುವುದು ಕಾನೂನಿನಲ್ಲಿ ಆ ಹುಡಿಯ ಹೆಸರು. ಮಗಳಿಗೆ ಪ್ಯಾಕೆಟ್ ತಿರುಗಿಸಿ ಆ ಶೇಕಡಾ ಲೆಕ್ಕ ತೋರಿಸಿ, ಕೊಳ್ಳುವಾಗ ನೋಡಬೇಕಾದ್ದು ಅದೇ.

ಬ್ಯಾಂಕಿನವ:
ನಮ್ಮೂರಿನವರಿಗೆ ಅಮಾಲ್ಗಮೇಷನ್ ಗೊತ್ತಿಲ್ವಾ ಮಾರಾಯ್ರೆ! ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದ್ದು 2020ರ ಏಪ್ರಿಲ್ 1ಕ್ಕೆ. ನಾವು ಮರ್ಜರ್ ಅನ್ನುತ್ತಿದ್ದೆವು, ಸರ್ಕಾರದ ಆದೇಶದಲ್ಲಿ ಇದ್ದದ್ದು ಅಮಾಲ್ಗಮೇಷನ್. ಪಾದರಸಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಾಲ, ಠೇವಣಿ, ಸಿಬ್ಬಂದಿ ಎಲ್ಲ ಇನ್ನೊಂದು ಬ್ಯಾಂಕಿನ ಪಾಲಾಗುತ್ತದೆ, ಸೇರಿದ ಬ್ಯಾಂಕಿನ ಹೆಸರು ಹೋಗುತ್ತದೆ. 1906ರಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, ಎರಡೂ ಉಡುಪಿಯಲ್ಲೇ ಹುಟ್ಟಿದ ಬ್ಯಾಂಕುಗಳು. ಬೋರ್ಡ್ ಇಳಿಸಿದ್ದು ಇವತ್ತಿಗೂ ಬೇಜಾರು.

ಉಡುಪಿ_ಅಮ್ಮ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕಾಯಿಹಾಲು ಯಾವುದಕ್ಕೆ ಸೇರುತ್ತದೆ ಟೀಚರ್?

ಸೈನ್ಸ್_ಟೀಚರ್:
ಎಮಲ್ಷನ್. ನೀರಿನಲ್ಲಿ ಎಣ್ಣೆಯ ಸಣ್ಣ ಸಣ್ಣ ಹನಿ, ಹಾಗೇ ಇಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಹನಿಯ ಬದಲು ಪುಡಿ ತೇಲುತ್ತಿದ್ದು ಆಮೇಲೆ ತಳಕ್ಕೆ ಕೂತರೆ ಸಸ್ಪೆನ್ಷನ್. ಮಕ್ಕಳ ಔಷಧದ ಬಾಟಲಿ ಮೇಲೆ ಆ ಪದ ಇದ್ದರೆ ಚೆನ್ನಾಗಿ ಕುಲುಕಿಯೇ ಕೊಡಿ, ಇಲ್ಲದಿದ್ದರೆ ಮೊದಲ ಚಮಚದಲ್ಲಿ ಔಷಧ ಕಡಿಮೆ, ಕೊನೆಯದರಲ್ಲಿ ಜಾಸ್ತಿ ಆಗುತ್ತದೆ.