ಸಹಾಯ ಬೇಕು: ಸೆಕೆಗೆ ಕಿತ್ತುಬರುವ ಹಾರ್ಮೋನ್ ಪ್ಯಾಚ್ ಮತ್ತು ಜೆಲ್ ಬಳಕೆಯ ಕುರಿತು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ವಾಸಿಸುವ 53 ವರ್ಷದ ಮಹಿಳೆ. ಮುಟ್ಟು ನಿಂತ ಮೇಲೆ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ನಡುರಾತ್ರಿ ಬೆವರಿ ಎಚ್ಚರವಾಗುವುದು ಅತಿಯಾದ್ದರಿಂದ ಸ್ತ್ರೀರೋಗ ತಜ್ಞರು ಚರ್ಮಕ್ಕೆ ಅಂಟಿಸುವ 50 ಮೈಕ್ರೋಗ್ರಾಂನ ಎಸ್ಟ್ರಾಡಿಯಾಲ್ (ಎಸ್ಟ್ರೋಜನ್ ಹಾರ್ಮೋನಿನ ಒಂದು ರೂಪ) ಪ್ಯಾಚ್ ಬರೆದುಕೊಟ್ಟಿದ್ದಾರೆ. ಅದನ್ನು ವಾರಕ್ಕೆರಡು ಬಾರಿ ಬದಲಾಯಿಸಬೇಕು. ಗರ್ಭಕೋಶ ಇರುವುದರಿಂದ, ಎಸ್ಟ್ರೋಜನ್‌ನಿಂದ ಅದರ ಒಳಪದರ ಅತಿಯಾಗಿ ಬೆಳೆಯದಂತೆ ರಾತ್ರಿ 100 ಮಿಲಿಗ್ರಾಂ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಸಹ ತೆಗೆದುಕೊಳ್ಳುತ್ತಿದ್ದೇನೆ. ನುಂಗುವ ಎಸ್ಟ್ರೋಜನ್ ಮೊದಲು ಯಕೃತ್ತನ್ನು ಹಾದುಹೋಗುವಾಗ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ, ಚರ್ಮದ ಮೂಲಕ ಸಾಮಾನ್ಯ ಪ್ರಮಾಣದಲ್ಲಿ ಸೇರುವ ಎಸ್ಟ್ರೋಜನ್‌ನಿಂದ ಹಾಗಾಗುವುದು ಕಂಡುಬಂದಿಲ್ಲ. ನನ್ನ ತೂಕ ಹೆಚ್ಚಿದ್ದು, ಅದರಿಂದಲೂ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದರಿಂದ ವೈದ್ಯರು ಮಾತ್ರೆ ಬೇಡವೆಂದರು.

ಔಷಧದಿಂದ ಗುಣ ಕಾಣುತ್ತಿದೆ, ತೊಂದರೆ ಅಂಟಿನದು. ಹೊಟ್ಟೆಯ ಕೆಳಭಾಗದಲ್ಲಿ, ಲಂಗದ ಲಾಡಿ ಉಜ್ಜದ ಕಡೆ, ಎಣ್ಣೆ ಪೌಡರ್ ಇಲ್ಲದ ಒಣ ಚರ್ಮಕ್ಕೆ ಅಂಗೈಯಿಂದ ಒತ್ತಿ ಅಂಟಿಸಿದರೂ, ಎರಡನೆಯ ದಿನಕ್ಕೆ ಅಂಚು ಸುರುಳಿಯಾಗಿ ಅದಕ್ಕೆ ಬಟ್ಟೆಯ ನೂಲೆಲ್ಲ ಮೆತ್ತಿಕೊಂಡಿರುತ್ತದೆ. ಕರಾವಳಿಯ ಸೆಕೆಯಲ್ಲಿ ಪ್ಯಾಚ್ ಬಳಸುವವರು ಅದನ್ನು ಪೃಷ್ಠದ ಮೇಲ್ಭಾಗಕ್ಕೆ ಅಂಟಿಸುತ್ತೀರಾ? ಮೇಲೆ ಪಾರದರ್ಶಕ ಮೆಡಿಕಲ್ ಟೇಪ್ ಹಾಕಿದರೆ ಚರ್ಮ ಕೆರಳುವುದೇ?

ಇದು ಸರಿಹೋಗದಿದ್ದರೆ ಎಸ್ಟ್ರಾಡಿಯಾಲ್ ಜೆಲ್‌ಗೆ ಬದಲಾಯಿಸಬಹುದೆಂದು ವೈದ್ಯರು ಹೇಳಿದ್ದಾರೆ. (ಪ್ರಮಾಣವನ್ನು ಅವರೇ ನಿರ್ಧರಿಸುತ್ತಾರೆ, ನನಗೆ ಬೇಕಿರುವುದು ಬಳಸಿದವರ ಅನುಭವ.) ಮನೆಯಲ್ಲಿ ಸದಾ ನನ್ನ ತೋಳಿಗೆ ಜೋತುಬೀಳುವ ಪುಟ್ಟ ಮೊಮ್ಮಗಳಿದ್ದಾಳೆ, ಜೆಲ್ ಹಚ್ಚಿದ ಚರ್ಮ ಮಕ್ಕಳಿಗೆ ತಾಗಬಾರದೆಂಬ ಎಚ್ಚರಿಕೆಯನ್ನು ಓದಿದ್ದೇನೆ. ತೋಳಿನ ಬದಲು ತೊಡೆಗೆ ಹಚ್ಚುವವರು, ಬೆಳಗಿನ ಸ್ನಾನ ಮತ್ತು ಅಡುಗೆಯ ನಡುವೆ ಅದು ಒಣಗಲು ಸಮಯವನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ ಎಂದು ದಯವಿಟ್ಟು ತಿಳಿಸಿ.